ನನ್ನ ಓರಗಿತ್ತಿ ಹಿಡಿದ ಕೊಲೆಗಾರರು

ನನ್ನ ಓರಗಿತ್ತಿ ತನ್ನ ಜೀವಮಾನದಲ್ಲಿ ಏನಿಲ್ಲವೆಂದರೂ ಅರವತ್ತು ಕೊಲೆಗಾರರನ್ನು ಹಿಡಿದಿದ್ದಾಳೆ. ಹೆದರಬೇಡಿ, ಎಲ್ಲರೂ ಪತ್ತೇದಾರಿ ಕಾದಂಬರಿಯವರೇ. ಅದೇನು ಮಹಾ, ಓದಿದವರೆಲ್ಲ ಹಿಡಿಯುತ್ತಾರೆ ಎನ್ನುತ್ತೀರಾ? ಅಲ್ಲೇ ಇರುವುದು ನನ್ನ ಸಂಕಟ. ಆ ಅರವತ್ತು ಕಾದಂಬರಿಗಳಲ್ಲಿ ಅವಳು ಒಂದಕ್ಷರವನ್ನೂ ಓದಿದವಳಲ್ಲ! ಓದಿದವಳು ನಾನು. ಗಂಟಲು ಒಣಗಿಸಿಕೊಂಡು, ಪತ್ತೇದಾರನಿಗೊಂದು ದನಿ, ಪೊಲೀಸನಿಗೊಂದು ದನಿ ತೆಗೆದು ಗಟ್ಟಿಯಾಗಿ ಓದಿದವಳು ನಾನು. ಕೊಲೆಗಾರ ಮಾತ್ರ ಪ್ರತಿಸಲವೂ ಹೋಗಿ ಅವಳ ಕೈಗೆ ಸಿಗುತ್ತಿದ್ದ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಹದಿಮೂರು ವರ್ಷ ದೊಡ್ಡವಳು. ಎದುರಿಗೆ 'ಅಕ್ಕ, ನೀವು' ಎಂದೇ ಮಾತಾಡಿಸುತ್ತಿದ್ದೆ. ಬರೆಯಲು ಕುಳಿತರೆ ಏಕವಚನವೇ ಬರುತ್ತದೆ. ಹೊಟ್ಟೆಕಿಚ್ಚಿಗೆ ಬಹುವಚನ ಒಗ್ಗುವುದಿಲ್ಲ, ಕ್ಷಮಿಸಬೇಕು.

ನಾನು ಗುಂಡ್ಲುಪೇಟೆ ಕಡೆಯವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಮದುವೆಯಾಗಿ ವಯನಾಡಿನ ಕೊಳವಳ್ಳಿಗೆ ಬರುವಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಹನ್ನೊಂದು ಪತ್ತೇದಾರಿ ಕಾದಂಬರಿಗಳಿದ್ದವು. ಕೊಳವಳ್ಳಿ ಎಂದರೆ ಕಬಿನಿಯ ದಡ. ಹೊಳೆಯ ಆಚೆ ಕರ್ನಾಟಕ, ಈಚೆ ಕೇರಳ. ನನ್ನ ಗಂಡನ ಮನೆಯವರು ಎಷ್ಟೋ ತಲೆಮಾರಿನ ಹಿಂದೆ ಆ ಕಡೆಯಿಂದ ಈ ಕಡೆಗೆ ಬಂದು ನೆಲ ಹಿಡಿದ ಜೈನರು. ಮನೆಯೊಳಗೆ ಕನ್ನಡವೇ ಮಾತು. ಆದರೆ ಶಾಲೆ, ಕಚೇರಿ, ಬಸ್ಸು ಎಲ್ಲ ಮಲಯಾಳ. ಹಾಗಾಗಿ ಅಲ್ಲೇ ಹುಟ್ಟಿ ಅಲ್ಲೇ ಓದಿದ ನನ್ನ ಓರಗಿತ್ತಿ ಮಲಯಾಳದ ಪೇಪರನ್ನು ನೀರು ಕುಡಿದಂತೆ ಓದುತ್ತಿದ್ದಳು. ಕನ್ನಡದ ಒಂದಕ್ಷರವೂ ಅವಳಿಗೆ ಬರುತ್ತಿರಲಿಲ್ಲ. ನನ್ನ ಕಥೆ ಅದರ ತಿರುವುಮುರುವು. ಬಸ್ಸಿನ ಬೋರ್ಡು ಓದಲಾರದೆ, ಬತ್ತೇರಿಗೆ ಹೊರಟವಳು ಮಾನಂತವಾಡಿಯಲ್ಲಿ ಇಳಿದು ಅತ್ತವಳು ನಾನು.

ಇಡೀ ಮನೆಯಲ್ಲಿ ನನಗೆ ಮಾತ್ರ ಗೊತ್ತಿರುವುದು ಒಂದಿದೆಯಲ್ಲ ಎಂಬುದೇ ಆಗ ನನಗಿದ್ದ ಸಮಾಧಾನ. ಅದನ್ನು ನಾಲ್ಕು ಜನಕ್ಕೆ ತೋರಿಸಬೇಡವೇ? ಊಟ ಮುಗಿದ ಮೇಲೆ, ಸಂಜೆಯ ಅಡುಗೆಗೆ ಮುಂಚೆ, ಜಗುಲಿಯಲ್ಲಿ ಕುಳಿತು ಕಾದಂಬರಿ ಓದಲು ಶುರುಮಾಡಿದೆ. ಜನವೂ ಸೇರಿತು. ಮಾವನವರ ವಿಧವೆ ಅಕ್ಕ ಪದ್ಮಜ್ಜಿ. ಆಕೆಗೆ ಕಿವಿ ಅರ್ಧ. ಪಕ್ಕದ ತೋಟದ ಸಾರಮ್ಮ. ತಿರುವಾಂಕೂರಿನಿಂದ ಬಂದು ನೆಲೆಸಿದ ಕ್ರೈಸ್ತರ ಹೆಂಗಸು, ಅವರಿಗೆ ಕನ್ನಡ ಸುತಾರಾಂ ಬಾರದು. ಕೊಟ್ಟಿಗೆ ಕೆಲಸದ ಕೆಂಪಿ. ಅವಳು ಕಾಡಂಚಿನ ಆದಿವಾಸಿ ಹಾಡಿಯವಳು, ಜಗುಲಿ ಹತ್ತದೆ ಅಂಗಳದಲ್ಲಿ ನಿಂತು ಗುಡಿಸಿದ ಜಾಗವನ್ನೇ ಮೂರು ಸಲ ಗುಡಿಸುತ್ತಾ ಕೇಳುತ್ತಿದ್ದಳು. ಮತ್ತೆ ನನ್ನ ಓರಗಿತ್ತಿ. ಮೊರದಲ್ಲಿ ಒಣಗಿದ ಕರಿಮೆಣಸು ಹರವಿಕೊಂಡು, ಕಡ್ಡಿ ಕಲ್ಲು ಆರಿಸುತ್ತಾ, ಕಥೆಗೂ ತನಗೂ ಸಂಬಂಧವೇ ಇಲ್ಲ ಎನ್ನುವಂತೆ ಕೂತಿರುತ್ತಿದ್ದಳು.

ಅವಳ ಅಹಿಂಸೆ ಊರಿಗೇ ಗೊತ್ತು. ಅಂಗಳ ದಾಟುವಾಗ ಇರುವೆ ಸಾಲು ಕಂಡರೆ ಸುತ್ತಿ ಬಳಸಿ ಹೋಗುವವಳು. ಸೌದೆಯಲ್ಲಿ ಹುಳುವಿದ್ದರೆ ಎಬ್ಬಿಸಿ ಕಳಿಸಿ ಆಮೇಲೆ ಒಲೆ ಹಚ್ಚುವವಳು. ಅಂಥವಳು ನಾನು ಎಂಟು ಪುಟ ಓದುವಷ್ಟರಲ್ಲಿ ತಲೆಯೆತ್ತಿ ಕೇಳುತ್ತಿದ್ದಳು:

"ಎಂತದ ತಂಗೀ, ಇನ್ನೂ ಒಬ್ಬನೂ ಸಾಯ್ಲಿಲ್ಲವಾ?"

ಹೆಣ ಬಿದ್ದಮೇಲೆ ಅವಳ ಕೆಲಸ ಶುರು. ಕಥೆಯಲ್ಲಿ ಅನುಮಾನದ ಮನುಷ್ಯನೊಬ್ಬ ಬಂದರೆ ಮೊರದ ಅಂಚಿನಲ್ಲಿ ಒಂದು ಮೆಣಸಿನ ಕಾಳು ಬೇರೆ ಇಡುವಳು. ಇನ್ನೊಬ್ಬ ಬಂದರೆ ಇನ್ನೊಂದು. ಓದು ಸಾಗಿದಂತೆ ಒಂದೊಂದೇ ಕಾಳನ್ನು ಉಗುರಿನಿಂದ ಚಿಮ್ಮಿ ಉಳಿದ ಮೆಣಸಿನೊಳಗೆ ಸೇರಿಸುವಳು. ಅವನು ನಿರಪರಾಧಿ ಎಂದರ್ಥ. ಕೊನೆಗೆ ಒಂದು ಉಳಿದಾಗ ಅದನ್ನೆತ್ತಿ ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿಯುವಳು. ಆಯಿತು! ಕೊಲೆಗಾರ ಸಿಕ್ಕಿಬಿದ್ದ. ಪುಸ್ತಕದ ಪತ್ತೇದಾರ ಪಾಪ ಇನ್ನೂ ಬೆರಳಚ್ಚು ಹುಡುಕುತ್ತಿರುತ್ತಿದ್ದ.

ಒಂದು ಕಥೆಯಲ್ಲಿ ಎಸ್ಟೇಟಿನ ಸಾಹುಕಾರ ಬೀಗ ಹಾಕಿದ ಕೋಣೆಯಲ್ಲಿ ಸತ್ತಿದ್ದ. ನನಗೆ ಅಡುಗೆಯವನ ಮೇಲೆ ಬಲವಾದ ಅನುಮಾನ. ಅವಳು ಮೊದಲ ಕಾಳು ಚಿಮ್ಮಿದ್ದೇ ಅವನದು.

"ಸಾರಿಗೆ ಒಗ್ಗರಣೆ ಇಟ್ಟಿದ್ದ ಅಂತ ನೀನೇ ಓದಿದೆ. ಎದ್ದು ಹೋಗಿ ಒಬ್ಬನ್ನ ಕೊಂದು ಬರೋದ್ರೊಳಗೆ ಸಾಸಿವೆ ಸೀದು ಮನೆಯೆಲ್ಲ ಹೊಗೆ ಆಯ್ತದೆ. ಸೀದ ವಾಸನೆ ಯಾರಿಗಾದ್ರೂ ಬಂತಾ?"

ಬಂದಿರಲಿಲ್ಲ.

"ಡಾಕ್ಟ್ರು ಕೊಂದದ್ದು," ಎಂದು ಕಾಳು ಕಡಿದಳು.

"ಅದು ಹೇಗಕ್ಕ ಅಷ್ಟು ಗ್ಯಾರಂಟಿ?"

"ಮಳೆಯಲ್ಲಿ ಬಂದ. ಎಲ್ಲರೂ ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ರು ಅಂತ ಬರ್ದದೆ. ಅವನು ಎಲ್ಲಿ ಬಿಟ್ಟ ಅಂತ ಬರೀಲಿಲ್ಲ. ಹಿಂದಿನ ಬಾಗಿಲಿಂದ ಬಂದೋನಿಗೆ ಮುಂದೆ ಚಪ್ಪಲಿ ಎಲ್ಲಿಂದ ಬರ್ತದೆ?"

ಮೂವತ್ತು ಪುಟ ಆದಮೇಲೆ ಪತ್ತೇದಾರನೂ ಅದನ್ನೇ ಹೇಳಿದ! ನಾನು ಪುಸ್ತಕ ಮುಚ್ಚಿ ನೀರು ಕುಡಿಯಲು ಎದ್ದೆ. ಬಾಯಾರಿಕೆ ಆಗಿದ್ದಕ್ಕಲ್ಲ, ಮುಖ ತೋರಿಸಲಾರದೆ.

ಇದು ಸಾಲದೆಂಬಂತೆ ಸಾರಮ್ಮನಿಗೆ ಅವಳೇ ದುಭಾಷಿ. ನಾನೊಂದು ಪುಟ ಓದಿ ನಿಲ್ಲಿಸಿದರೆ ಅವಳು ಅದನ್ನು ಮಲಯಾಳದಲ್ಲಿ ಹೇಳಬೇಕು. ನಾನು ಓದುವಾಗ ಆಕಳಿಸುತ್ತಿದ್ದ ಪದ್ಮಜ್ಜಿ ಕೂಡ ಅವಳು ಹೇಳುವಾಗ ನೆಟ್ಟಗೆ ಕೂರುತ್ತಿತ್ತು. ನನ್ನ ಒಂದು ಪುಟ ಅವಳ ಬಾಯಲ್ಲಿ ಮೂರು ಪುಟವಾಗುತ್ತಿತ್ತು. ಪುಸ್ತಕದಲ್ಲಿ ಅಳುವಂಥದ್ದೇನೂ ಇಲ್ಲದ ಕಡೆ ಸಾರಮ್ಮ ಸೆರಗು ಕಚ್ಚಿ ಅಳುತ್ತಿದ್ದರು. ಏನು ಸೇರಿಸುತ್ತಿದ್ದಾಳೆಂದು ನನಗೆ ತಿಳಿಯುತ್ತಲೂ ಇರಲಿಲ್ಲ. ಸಾರಮ್ಮ ಅವಳನ್ನು ಬಾಯ್ತುಂಬ 'ಚೇಚಿ' ಎಂದು ಕರೆಯುತ್ತಿದ್ದರು, ಅವರ ಮಾತಿನಲ್ಲಿ ಅಕ್ಕ ಎಂದು. ನನ್ನನ್ನು? 'ಟೀಚರೇ' ಎಂದು! ಓದುವ ಯಂತ್ರಕ್ಕೆ ಇನ್ನೇನು ಹೆಸರಿಡುತ್ತಾರೆ ಹೇಳಿ.

ನೀವು ಹೊಟ್ಟೆಕಿಚ್ಚು ಪಡುತ್ತಿರಲಿಲ್ಲವೇ? ನಿಜ ಹೇಳಿ.

ನಾನು ಸುಮ್ಮನೆ ಕೂತವಳಲ್ಲ. ಮೊದಲು ಮಾಡಿದ ಉಪಾಯ ಬಹಳ ಸುಲಭದ್ದು. ಬಚ್ಚಲುಮನೆಯಲ್ಲಿ ಕೂತು ಪುಸ್ತಕದ ಕೊನೆಯ ಅಧ್ಯಾಯ ಮುಂಚೆಯೇ ಓದಿಬಿಟ್ಟೆ. ಆಮೇಲೆ ಜಗುಲಿಗೆ ಬಂದು ಮೂರನೆಯ ಅಧ್ಯಾಯದಲ್ಲೇ ಗಂಭೀರವಾಗಿ, "ನನಗ್ಯಾಕೋ ಆ ಪಿಟೀಲು ಮೇಷ್ಟ್ರ ಮೇಲೆ ಅನುಮಾನ," ಎಂದೆ.

ಅವಳು ತಲೆಯೆತ್ತದೆ, "ಕೊನೇದು ಓದಿಬಿಟ್ಟೆಯಾ?" ಎಂದಳು.

"ಇಲ್ಲಪ್ಪ! ಯಾರು ಹೇಳಿದ್ದು?"

"ಆ ಮೇಷ್ಟ್ರ ಮಾತು ಬಂದಾಗೆಲ್ಲ ನಿನ್ನ ದನಿ ಮೆತ್ತಗಾಯ್ತದೆ. ಬೇರೆಯವರಿಗೆಲ್ಲ ಗದರಿಸ್ತೀಯ, ಅವನೊಬ್ಬನ್ನ ನೆಂಟರ ಥರ ಮಾತಾಡಿಸ್ತೀಯ."

ಎರಡನೆಯ ಉಪಾಯಕ್ಕೆ ಸ್ವಲ್ಪ ಧೈರ್ಯ ಬೇಕಿತ್ತು. ಓದುವಾಗ ಕೊಲೆಗಾರನ ಹೆಸರನ್ನೇ ಬದಲಿಸಿಬಿಟ್ಟೆ! ಪುಸ್ತಕದಲ್ಲಿ ಕೊಂದದ್ದು ತೋಟದ ಮ್ಯಾನೇಜರು. ಅವಳು ಮ್ಯಾನೇಜರಿನ ಕಾಳನ್ನು ಕಡಿದೂ ಆಗಿತ್ತು. ನಾನು ಕೊನೆಯ ಅಧ್ಯಾಯದಲ್ಲಿ ಮ್ಯಾನೇಜರು ಎಂದು ಇರುವಲ್ಲೆಲ್ಲ ಡ್ರೈವರು ಎಂದು ಓದುತ್ತಾ ಹೋದೆ. ಮುಗಿಸಿ, ಪುಸ್ತಕ ಮಡಚಿ, ಅವಳ ಮುಖ ನೋಡಿದೆ. ಇಂದಾದರೂ ಸೋತಳಲ್ಲ!

ಅವಳು ಒಂದು ಗಳಿಗೆ ಯೋಚಿಸಿ, "ಬರೆದೋನು ತಪ್ಪು ಬರ್ದಿದಾನೆ," ಎಂದಳು.

"ಅಕ್ಕ! ಅಚ್ಚಾಗಿದೆ ಇಲ್ಲಿ!"

"ಅಚ್ಚು ಹಾಕಿದೋರಿಗೆ ಎಂತ ಗೊತ್ತು? ಡ್ರೈವರು ಪಾವಂ. ಅವನಿಗೆ ಆ ಹೊತ್ತಲ್ಲಿ ಜ್ವರ ಇತ್ತಲ್ಲ."

ಪಾವಂ ಎಂದರೆ ಮಲಯಾಳದಲ್ಲಿ ಪಾಪ, ಬಡಪಾಯಿ ಎಂದು. ಸಾರಮ್ಮ ತಲೆದೂಗಿದರು. ಪದ್ಮಜ್ಜಿ, "ಡ್ರೈವರು ಮಾಡಿರಕ್ಕಿಲ್ಲ," ಎಂದಿತು. ಮೂರು ಮತಗಳಿಂದ ಪುಸ್ತಕ ಸೋತುಹೋಯಿತು. ನನ್ನ ಕೈಯಲ್ಲಿ ಪುಸ್ತಕವಿತ್ತು, ಪುಟವಿತ್ತು, ಓದು ಬರಹ ಎಲ್ಲ ಇತ್ತು. ಆದರೂ ನಿಜ ಮಾತ್ರ ಅವಳ ಕಡೆಗೇ ಇತ್ತು, ನೋಡಿ ಗ್ರಹಚಾರ!

ಇಷ್ಟು ಹೊತ್ತೂ ಕಾದಂಬರಿಯ ಹೆಣಗಳ ಬಗ್ಗೆಯೇ ಹೇಳಿದೆ. ಹೊರಗಿನ ಕಾಲ ಬೇರೆಯೇ ಇತ್ತು. ನಕ್ಸಲರು ಕಾಡಿನಲ್ಲಿದ್ದಾರೆ ಎಂದು ಊರೆಲ್ಲ ಪಿಸುಮಾತು. ಶಾಲೆಯಲ್ಲಿ ಪೊಲೀಸ್ ಕ್ಯಾಂಪು ಕೂತಿತ್ತು. ಹಾಡಿಗಳಿಗೆ ನುಗ್ಗಿ ಗಂಡಸರನ್ನು ಎಳೆದುಕೊಂಡು ಹೋಗುತ್ತಿದ್ದರು. ವಾಪಸು ಬಂದವರು ವಾರಗಟ್ಟಲೆ ನೆಟ್ಟಗೆ ನಡೆಯುತ್ತಿರಲಿಲ್ಲ. ನೆಲವುಳ್ಳವರು ಬಿಸಿಲಿರುವಾಗಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಮ್ಮ ಮಾವನವರೂ ನೆಲವುಳ್ಳವರೇ. ಕೆಂಪಿಯ ಗಂಡನ ಮನೆಯವರು ಅವನ ಅಜ್ಜನ ಕಾಲದಿಂದ ಉಳುತ್ತಿದ್ದ ಗದ್ದೆ ಮಾವನವರ ಹೆಸರಿನಲ್ಲಿತ್ತು. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಎತ್ತಿದ್ದು ಒಂದೇ ಒಂದು ಸಲ, ಅದೂ ಕಾದಂಬರಿಯ ನಡುವೆ. ದೊಡ್ಡ ಜಮೀನ್ದಾರನ ಕೊಲೆಯ ಕಥೆ. ನಾವು ನಾಲ್ವರೂ ತಲೆ ಕೆಡಿಸಿಕೊಂಡು ಕೂತಿದ್ದೆವು. ಅಂಗಳದಿಂದ ಕೆಂಪಿ ಪೊರಕೆ ಊರಿ ಕೇಳಿದಳು:

"ಸತ್ತದು ಧಣಿಯಾ ಅವ್ವ?"

"ಹೌದು ಕೆಂಪಿ."

"ಹಂಗಾರೆ ಕೊಂದೋನ ಯಾಕ್ ಹುಡುಕ್ತೀರಿ?"

ಮಾವನವರು ಕೇಳಿಸಿಕೊಂಡರೇನೋ ಎಂದು ನಾನು ಒಳಗೆ ಇಣುಕಿದೆ. ನನ್ನ ಓರಗಿತ್ತಿ ಮಾತ್ರ ಮೊರ ಅಲ್ಲಾಡುವ ಹಾಗೆ ನಕ್ಕಳು. ಕೆಂಪಿಯೂ ನಕ್ಕಳು. ಅವರಿಬ್ಬರೂ ಹಾಗೆ ಸೇರಿ ನಕ್ಕದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಂಬಬೇಕು.

ಇನ್ನು ನನ್ನ ಮೂರನೆಯ ಉಪಾಯ. ಅದನ್ನು ಹೇಳಲು ಈಗಲೂ ನಾಚಿಕೆ. ಪುಸ್ತಕಗಳು ಹೊಳೆಯಾಚೆಯಿಂದ ದೋಣಿಯವನ ಕೈಯಲ್ಲಿ ಬರುತ್ತಿದ್ದವು. ಅವನಿಗೆ ಕನ್ನಡ ಓದಲು ಬರುತ್ತಿತ್ತು. ಇವಳು ಅವನಿಗೆ ಹಲಸಿನ ಹಪ್ಪಳ ಕೊಡುವುದನ್ನು ನಾನೇ ಕಂಡಿದ್ದೆ. ನನಗೆ ಥಟ್ಟನೆ ಹೊಳೆಯಿತು. ಹಪ್ಪಳ ಕೊಟ್ಟು ಕೊನೆಯ ಅಧ್ಯಾಯ ಓದಿಸಿಕೊಳ್ಳುತ್ತಿದ್ದಾಳೆ! ಇಲ್ಲದಿದ್ದರೆ ಒಂದಕ್ಷರ ಬಾರದವಳಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅಂದಿನಿಂದ ದೋಣಿ ನಿಲ್ಲುವ ಕಡವಿಗೆ ನಾನೇ ಹೋಗಿ ಹೊಸ ಪುಸ್ತಕ ತರುತ್ತಿದ್ದೆ. ತಂದ ತಕ್ಷಣ ಕೊನೆಯ ಅಧ್ಯಾಯವನ್ನು ಬ್ಲೇಡಿನಿಂದ ಕತ್ತರಿಸಿ, ಕೊಟ್ಟಿಗೆಯ ಅಟ್ಟದ ಮೇಲೆ ಹುಲ್ಲಿನ ಕೆಳಗೆ ಬಚ್ಚಿಡುತ್ತಿದ್ದೆ. ಓದು ಅಲ್ಲಿಗೆ ಬಂದ ದಿನ ಹೋಗಿ ತರುತ್ತಿದ್ದೆ. ಆಗಲೂ ಅವಳು ಕೊಲೆಗಾರನನ್ನು ಕಡಿಯುವುದನ್ನು ನಿಲ್ಲಿಸಲಿಲ್ಲ. ನಾನೂ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

ಹೀಗಿರುವಾಗ ಒಂದು ದಿನ ಅಟ್ಟ ಹತ್ತಿ ಹುಲ್ಲು ಎತ್ತುತ್ತೇನೆ, ಹಾಳೆಗಳಿಲ್ಲ! ಹತ್ತು ಹಾಳೆಗಳಲ್ಲಿ ಒಂದೂ ಇಲ್ಲ.

ಜಗುಲಿಗೆ ಬಂದು, "ಪ್ರೆಸ್ಸಿನವರು ಕೊನೆಯ ಅಧ್ಯಾಯವನ್ನೇ ಹಾಕಿಲ್ಲ," ಎಂದು ಸುಳ್ಳು ಹೇಳಿದೆ. ಗಲಾಟೆಯೋ ಗಲಾಟೆ. ಪದ್ಮಜ್ಜಿಯಂತೂ, "ಕೊಂದೋರು ಯಾರು ಅಂತ ತಿಳಿಯದೆ ನಾನು ಹೆಂಗೆ ಕಣ್ಣು ಮುಚ್ಚಲಿ?" ಎಂದು ಗೋಳಾಡಿತು. ನನ್ನ ಓರಗಿತ್ತಿ ನನ್ನ ಮುಖವನ್ನೊಮ್ಮೆ ನೋಡಿ, ಕಾಳು ಕಡಿದು, "ಸೋದರಮಾವ," ಎಂದಳು. ನಾನು, "ಅಲ್ಲ, ಎರಡನೇ ಹೆಂಡತಿ," ಎಂದೆ. ಸಾಕ್ಷಿ ಎಲ್ಲಿದೆ? ಇಲ್ಲ! ನಾನು ಸೋತೆನೆಂದು ಯಾರೂ ಹೇಳುವಂತಿಲ್ಲ! ಅದರ ಮುಂದಿನ ಹನ್ನೆರಡು ದಿನ ನಾನು ಎಷ್ಟು ಸುಖವಾಗಿದ್ದೆ ಎಂದರೆ ಸಾಂಬಾರಿಗೆ ಉಪ್ಪು ಹಾಕುವುದನ್ನೂ ಮರೆಯುತ್ತಿದ್ದೆ.

ಹದಿಮೂರನೆಯ ದಿನ ಮಧ್ಯಾಹ್ನ, ಹೊಸ ಪುಸ್ತಕ ಹಿಡಿದು ಎಲ್ಲರೂ ಕೂತಿರುವಾಗ, ಅಂಗಳಕ್ಕೆ ಪೊಲೀಸ್ ಜೀಪು ಬಂತು.

ಇಳಿದವನು ಕ್ಯಾಂಪಿನ ಇನ್ಸ್‌ಪೆಕ್ಟರು, ಅವನ ಹಿಂದೆ ಇಬ್ಬರು ಕಾನ್‌ಸ್ಟೇಬಲ್‌ಗಳು. ಮಾವನವರು ಒಳಗಿನಿಂದ ಓಡಿ ಬಂದರು. ಇನ್ಸ್‌ಪೆಕ್ಟರು ಯಾರನ್ನೂ ಮಾತಾಡಿಸದೆ ನೇರವಾಗಿ ಜಗುಲಿಗೆ ಬಂದು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದ. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದ. ಅದು ಅಟ್ಟದಿಂದ ಕಾಣೆಯಾದ ಹಾಳೆ! ಅಚ್ಚಿನ ಮೇಲೆಯೇ ಕೆಂಪು ಬಣ್ಣದಲ್ಲಿ ಮಲಯಾಳದ ಒಂದೇ ಒಂದು ದಪ್ಪ ಅಕ್ಷರ ಬರೆದಿತ್ತು.

ಆಮೇಲೆ ತಿಳಿದದ್ದು ಇಷ್ಟು. ಕಡವಿನ ಗೋಡೆಯ ಮೇಲೆ ಹಾಳೆಗೊಂದು ಅಕ್ಷರದಂತೆ ಎಂಟು ಹಾಳೆ ಅಂಟಿಸಿ, 'ನೆಲ ಉಳುವವನಿಗೆ' ಎಂಬ ಅರ್ಥ ಬರುವಂತೆ ಯಾರೋ ಬರೆದಿದ್ದರು. ಅಡಿಯಲ್ಲಿದ್ದ ಅಚ್ಚು ಕನ್ನಡ. ಈ ಊರಿನಲ್ಲಿ ಕನ್ನಡ ಪುಸ್ತಕ ಯಾರ ಮನೆಯಲ್ಲಿದೆ ಎಂದು ಕೇಳಿದ್ದಕ್ಕೆ ದೋಣಿಯವನು ನಮ್ಮ ಮನೆಯತ್ತ ಕೈ ತೋರಿಸಿದ್ದ.

"ವಾಯಿಕ್ಕ್," ಎಂದ ಇನ್ಸ್‌ಪೆಕ್ಟರು. ಓದು ಎಂದರ್ಥ. ಅದೇನು ರಹಸ್ಯದ ಕರಪತ್ರವೋ ಎಂದು ಅವನಿಗೆ ಅನುಮಾನ.

ಓದಿದೆ. 'ಪತ್ತೇದಾರ ಸಿಗರೇಟು ಆರಿಸಿ ಎಲ್ಲರನ್ನೂ ಹಜಾರಕ್ಕೆ ಕರೆದ. ನಿಮ್ಮಲ್ಲೊಬ್ಬರು ಕೊಲೆಗಾರರು ಎಂದ...'

"ಅಯ್ಯೋ, ನಮ್ಮ ಕಥೆ ಸಿಕ್ತು!" ಎಂದು ಪದ್ಮಜ್ಜಿ ಕೈ ತಟ್ಟಿತು.

ನನ್ನ ಓರಗಿತ್ತಿ ಎಂದಿನಂತೆ ಮಲಯಾಳಕ್ಕೆ ತಿರುಗಿಸತೊಡಗಿದಳು. ಹಾಳೆ ಮುಗಿಯಿತು. ಇನ್ಸ್‌ಪೆಕ್ಟರು ಅವಳನ್ನೇ ನೋಡುತ್ತಾ, "ಎನ್ನಿಟ್ಟ್?" ಎಂದ. ಆಮೇಲೆ? ನಾನು ಮುಂದಿನ ಪುಟ ಬೇಕು ಎಂದೆ. ಒಬ್ಬ ಕಾನ್‌ಸ್ಟೇಬಲ್ ಜೀಪಿಗೆ ಓಡಿ ಉಳಿದ ಏಳು ಹಾಳೆಗಳನ್ನು ತಂದ. ಅವುಗಳನ್ನು ಜಗುಲಿಯ ಮೇಲೆ ಹರಡಿದ್ದಾಯಿತು. ಪೊಲೀಸರು ಜೋಡಿಸಿದ್ದು ಘೋಷಣೆಯ ಕ್ರಮದಲ್ಲಿ, ನಾನು ಜೋಡಿಸಿದ್ದು ಪುಟಸಂಖ್ಯೆಯ ಕ್ರಮದಲ್ಲಿ. ಕ್ರಾಂತಿ ಅಸ್ತವ್ಯಸ್ತವಾಗಿ ಕಥೆ ಸರಿಯಾಯಿತು. ಗಂಜಿ ಅಂಟಿದ ಕಡೆ, ಕೆಂಪು ಬಣ್ಣ ಬಿದ್ದ ಕಡೆ ಊಹಿಸಿಕೊಂಡು ಓದುತ್ತಾ ಹೋದೆ. ಕಾನ್‌ಸ್ಟೇಬಲ್‌ಗಳು ಮೆಟ್ಟಿಲ ಮೇಲೆ ಕೂತುಬಿಟ್ಟರು. ಇನ್ಸ್‌ಪೆಕ್ಟರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. 'ಆ ಕೊಲೆಗಾರ ಬೇರಾರೂ ಅಲ್ಲ...' ಎಂಬಲ್ಲಿಗೆ ಬಂದೆ. ಸರಿಯಾಗಿ ಆ ಹೆಸರಿನ ಮೇಲೆಯೇ ದಪ್ಪ ಕೆಂಪು ಗೀಟು!

"ಬೆಳಕಿಗೆ ಹಿಡಿ ತಂಗೀ," ಎಂದಳು ಓರಗಿತ್ತಿ.

ಹಾಳೆಯನ್ನು ಬಿಸಿಲಿಗೆ ಹಿಡಿದೆ. ಎಲ್ಲರೂ ಕತ್ತು ಚಾಚಿದರು. ಗೀಟಿನ ಅಡಿಯಲ್ಲಿ ಮಸುಕಾಗಿ ಕಂಡಿತು: ಸೋದರಮಾವ.

ಪೊಲೀಸರು ಮನೆಗೆ ನುಗ್ಗಿದಾಗಲೂ ನಾನು ಸೋಲಬೇಕೇ! ಸಾರಮ್ಮ ಅವಳ ಭುಜ ತಟ್ಟಿ, ಚೇಚಿ ಇದನ್ನು ಮೊದಲೇ ಹೇಳಿದ್ದರು ಎಂದು ಎಲ್ಲರಿಗೂ ಸಾರಿದರು. ಒಬ್ಬ ಕಾನ್‌ಸ್ಟೇಬಲ್ ಕೂಡ ಅವಳತ್ತ ಮೆಚ್ಚಿ ನೋಡಿದ.

ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡ. ಹಾಕಿಕೊಂಡೊಡನೆ ಅವನ ಮುಖ ಬೇರೆಯಾಯಿತು.

"ಆರಾ ಇದು ಕೀರಿಯದ್?"

ಇದನ್ನು ಹರಿದವರು ಯಾರು? ಅಷ್ಟು ಮಲಯಾಳ ನನಗೂ ಅರ್ಥವಾಯಿತು. ಹರಿದವಳು ನಾನು. ಬಚ್ಚಿಟ್ಟದ್ದು ಅಟ್ಟದಲ್ಲಿ. ಹಸುಗಳಿಗೆ ಹುಲ್ಲು ಇಳಿಸಲು ದಿನಾ ಅಟ್ಟ ಹತ್ತುವವರು ಯಾರು? ಮನೆಯಲ್ಲಿ ಒಬ್ಬರೇ. ಜೀವನದಲ್ಲಿ ಮೊದಲ ಸಲ ನನಗೆ ಉತ್ತರ ತಾನಾಗಿ ಹೊಳೆದಿತ್ತು. ಕಣ್ಣು ಅಂಗಳದತ್ತ ಹೋಯಿತು. ಕೆಂಪಿ ಸೆಗಣಿ ಬುಟ್ಟಿ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳ ಗಂಡ ಕೂಲಿಕಾರರ ಸಂಘದವರ ಹತ್ತಿರ ಆಗಷ್ಟೇ ಮಲಯಾಳದ ಅಕ್ಷರ ಕಲಿತಿದ್ದ. ಅದನ್ನು ಅವಳೇ ಹೆಮ್ಮೆಯಿಂದ ನಮಗೆ ಹೇಳಿದ್ದಳು.

ನಾನು ಹೇಳುತ್ತಿದ್ದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ. ಬಾಯಿ ತೆರೆದದ್ದು ಮಾತ್ರ ನಿಜ. ಹೆದರಿಕೆಗೋ, ಒಮ್ಮೆಯಾದರೂ ಮೊದಲು ಉತ್ತರ ಹೇಳಬೇಕೆಂಬ ಆಸೆಗೋ? ದೇವರೇ ಬಲ್ಲ.

"ಞಾನಾ," ಎಂಬ ದನಿ ಪಕ್ಕದಿಂದ ಬಂತು. ನಾನೇ, ಎಂದು.

ನನ್ನ ಓರಗಿತ್ತಿ ಮೊರ ಬದಿಗಿಟ್ಟು ಎದ್ದು ನಿಂತಿದ್ದಳು. ಮಲಯಾಳದಲ್ಲಿ ಏನೇನೋ ಹೇಳಿದಳು. ಒಂದೂ ತಿಳಿಯಲಿಲ್ಲ. ಇನ್ಸ್‌ಪೆಕ್ಟರು ನನ್ನನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದ. ಕಾನ್‌ಸ್ಟೇಬಲ್ ನಕ್ಕ. ಕೊನೆಗೆ ಇನ್ಸ್‌ಪೆಕ್ಟರು, ಮರುದಿನ ಬೆಳಿಗ್ಗೆ ಕ್ಯಾಂಪಿಗೆ ಬಂದು ಹೇಳಿಕೆ ಕೊಡಬೇಕು ಎಂದು ಮಾವನವರಿಗೆ ತಾಕೀತು ಮಾಡಿ, ಹಾಳೆಗಳನ್ನೆಲ್ಲ ಬಾಚಿಕೊಂಡು ಹೋದ.

ಅವಳು ಹೇಳಿದ್ದೇನು ಎಂದು ಸಾರಮ್ಮ ಆಮೇಲೆ, ಅಷ್ಟರಲ್ಲಿ ನಮ್ಮ ಜಗುಲಿಯಲ್ಲೇ ಕಲಿತಿದ್ದ ಹರಕುಮುರುಕು ಕನ್ನಡದಲ್ಲಿ ತಿಳಿಸಿದರು. 'ನನ್ನ ತಂಗಿಗೆ ಕನ್ನಡ ಓದಲು ಬರುತ್ತದೆ, ನನಗೆ ಬರುವುದಿಲ್ಲ. ಎಲ್ಲರೂ ಅವಳ ಸುತ್ತ ಕೂರುತ್ತಾರೆ. ಹೊಟ್ಟೆಕಿಚ್ಚು ತಡೆಯಲಾರದೆ ಅವಳ ಪುಸ್ತಕ ಹರಿದು ದಾರಿಬದಿಯ ಗೊಬ್ಬರದ ಗುಂಡಿಗೆ ಎಸೆದೆ. ಅಲ್ಲಿಂದ ಯಾರು ಬೇಕಾದರೂ ಎತ್ತಿಕೊಂಡಿರಬಹುದು.'

ನನ್ನ ತಪ್ಪನ್ನು ತೆಗೆದುಕೊಂಡದ್ದು ಇರಲಿ, ನನ್ನ ಹೊಟ್ಟೆಕಿಚ್ಚನ್ನೂ ತನ್ನದೆಂದು ಹೇಳಿಬಿಟ್ಟಿದ್ದಳು! ಇಪ್ಪತ್ತು ಪುಸ್ತಕಗಳಿಂದ ನಾನು ಕಷ್ಟಪಟ್ಟು ಸಾಕಿದ ಹೊಟ್ಟೆಕಿಚ್ಚು ಅದು!

ಮರುದಿನ ಭಾವನವರು ಊರಿನಲ್ಲಿರಲಿಲ್ಲ. ಮಾವನವರ ಜೊತೆ ಅವಳು ಮೂರು ಮೈಲಿ ನಡೆದು ಹೋದಳು. ಆ ಕಾಲದಲ್ಲಿ ನಮ್ಮಂಥ ಮನೆಯ ಹೆಂಗಸು ಪೊಲೀಸ್ ಕ್ಯಾಂಪಿಗೆ ಹೋಗುವುದೆಂದರೆ! ಪದ್ಮಜ್ಜಿ ದೇವರ ಮುಂದೆ ಕೂತದ್ದು ಏಳಲಿಲ್ಲ. ನಾನು ಬಾಗಿಲಿಗೂ ಒಲೆಗೂ ಓಡಾಡಿದೆ. ಹಾಲು ಉಕ್ಕಿ ಹೋಯಿತು. ಹತ್ತು ಗಂಟೆಯಾಯಿತು, ಹನ್ನೆರಡಾಯಿತು, ಎರಡಾಯಿತು.

ಆಗ ಕೆಂಪಿ ಅಡುಗೆಮನೆಯ ಹಿಂಬಾಗಿಲಿಗೆ ಬಂದು ನಿಂತಳು. ಸೊಂಟದಿಂದ ಎರಡು ಮಡಿಸಿದ ಹಾಳೆ ತೆಗೆದು ಹೊಸ್ತಿಲ ಮೇಲಿಟ್ಟಳು.

"ಇಷ್ಟೇ ಅವ್ವ ಉಳಿದದು," ಎಂದಳು. "ದೊಡ್ಡವ್ವ ಬಂದ್ರಾ?"

"ಇನ್ನೂ ಇಲ್ಲ."

ಅವಳು ಅಲ್ಲೇ ಕೂತಳು. ನಾನು ಹಾಳೆಗಳನ್ನು ಎತ್ತಿಕೊಂಡೆ. ಕಥೆಯ ಕಟ್ಟಕಡೆಯ ಎರಡು ಹಾಳೆಗಳು. ಕೊಲೆಗಾರ ಯಾಕೆ ಕೊಂದ ಎನ್ನುವುದೆಲ್ಲ ಅದರಲ್ಲೇ ಇರಬೇಕು. ಓದದೆ ಒಲೆಗೆ ಹಾಕಿದೆ. ಎರಡೂ ಪೂರ್ತಿ ಉರಿದು ಬೂದಿಯಾಗುವವರೆಗೆ ನಾವಿಬ್ಬರೂ ನೋಡುತ್ತಾ ಕೂತೆವು.

ಹೊತ್ತು ಮುಳುಗುವ ಮುಂಚೆ, ಕತ್ತಲಾದ ಮೇಲೆ ಉಣ್ಣದ ನಮ್ಮ ಜೈನರ ಮನೆಯಲ್ಲಿ ಊಟಕ್ಕೆ ಇನ್ನೇನು ತಡವಾಯಿತು ಎನ್ನುವಾಗ, ಅವಳು ಬಂದಳು. ಕಾಲು ಊದಿಕೊಂಡಿತ್ತು. ಇಡೀ ದಿನ ಹೊರಗೆ ನಿಲ್ಲಿಸಿ, ಒಂದೇ ಪ್ರಶ್ನೆಯನ್ನು ಏಳು ಸಲ ಕೇಳಿದ್ದರಂತೆ. ಏಳು ಸಲವೂ ಒಂದೇ ಉತ್ತರ ಹೇಳಿದಳಂತೆ. ಕೊನೆಗೆ ಬೇಸತ್ತು ಹೆಬ್ಬೆಟ್ಟು ಒತ್ತಿಸಲು ಬಂದಾಗ, "ಕನ್ನಡ ಬರಲ್ಲ ಅಂದೆ, ಮಲಯಾಳ ಬರಲ್ಲ ಅಂದೆನಾ?" ಎಂದು ಪೆನ್ನು ಕಿತ್ತುಕೊಂಡು ಸಹಿ ಹಾಕಿ ಬಂದಿದ್ದಳು. ಕೆಂಪಿ ಅವಳನ್ನು ಕಂಡವಳೇ ಹಾಡಿಯ ಕಡೆ ಓಡಿದಳು. ಆ ದಿನ ಕಳೆದ ಮೇಲೆ ಯಾವತ್ತೂ ಆ ವಿಷಯ ಯಾರೂ ಆಡಲಿಲ್ಲ. ಕೆಲವು ವರ್ಷದ ಮೇಲೆ ಭೂಸುಧಾರಣೆ ಕಾನೂನಿನಿಂದ ಆ ಗದ್ದೆ ಕೆಂಪಿಯ ಗಂಡನ ಹೆಸರಿಗೇ ಆಯಿತು. ಮಾವನವರು ವಾರವಿಡೀ ಗೊಣಗಿ ಸುಮ್ಮನಾದರು.

ಆದರೆ ನಾನು ಹೇಳಬೇಕಾದದ್ದು ಆ ಸಂಜೆಯದು. ಊಟ ಮುಗಿಸಿ ಅವಳು ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದಳು. ನಾನು ಬಾನಿಯಲ್ಲಿ ಬಿಸಿನೀರು ತಂದು ಅವಳ ಒಂದು ಕಾಲನ್ನು ಅದರಲ್ಲಿ ಇಳಿಸಿದೆ.

"ಅಕ್ಕ, ಹಾಳೆ ಹರಿದದ್ದು ನಾನು."

"ಗೊತ್ತದೆ."

"ನೀವು ಯಾಕೆ ಹೋದಿರಿ?"

"ನಿನ್ನ ಕರ್ಕೊಂಡು ಹೋಗ್ತಿದ್ರು. ನಿಂಗೆ ಮಲಯಾಳ ಎಲ್ಲಿ ಬರ್ತದೆ? ಕೇಳಿದ್ದಕ್ಕೆಲ್ಲ ಹೂಂ ಹೂಂ ಅಂದುಬಿಡ್ತಿದ್ದೆ."

ನನಗೆ ತಡೆಯಲಾಗಲಿಲ್ಲ. "ನಾಳೆಯಿಂದ ನಾನು ನಿಮಗೆ ಕನ್ನಡ ಅಕ್ಷರ ಹೇಳಿಕೊಡ್ತೀನಿ. ಇನ್ನು ಯಾವ ಪುಸ್ತಕಾನೂ ಬಚ್ಚಿಡಲ್ಲ. ಎರಡು ತಿಂಗಳಲ್ಲಿ ನೀವೇ ಓದಬಹುದು, ನನ್ನ ಕಾಯೋದೇ ಬೇಡ."

"ಬ್ಯಾಡ," ಎಂದಳು.

"ಯಾಕಕ್ಕ?"

ಅವಳು ಬಾನಿಯ ನೀರಿನಲ್ಲಿ ಕಾಲು ಆಡಿಸಿದಳು.

"ನೀನು ಬರೋಕೆ ಮುಂಚೆ ಹನ್ನೆರಡು ವರ್ಷ ಆ ಜಗುಲಿ ಮೇಲೆ ಒಬ್ಬಳೇ ಕೂತಿದೀನಿ ತಂಗೀ. ನಾನು ಓದೋದು ಕಲ್ತರೆ ನೀನೊಂದು ಮೂಲೆ, ನಾನೊಂದು ಮೂಲೆ. ಆಮೇಲೆ ನೀನು ನನ್ನ ಪಕ್ಕ ಯಾಕೆ ಬಂದು ಕೂರ್ತೀಯ?"

ನಾನು ಅವಳ ಇನ್ನೊಂದು ಕಾಲನ್ನೂ ಎತ್ತಿ ಬಾನಿಗೆ ಇಳಿಸಿದೆ. ನೀರು ಹೆಚ್ಚು ಬಿಸಿಯಾಯಿತೇ ಎಂದು ಕೇಳಿದೆ. ಕೇಳಿ, ಕಟ್ಟೆಯ ಮೇಲೆ ಅವಳ ಪಕ್ಕ ಹೋಗಿ ಕೂತೆ.